ಸೊಳ್ಳೆಯ ವೈರಸ್‌ಗೆ ಇಪ್ಪತ್ತು ಅಕ್ಷರದ ಗಾಳ: ಪ್ರೈಮರ್ ಹುಡುಕಲು ಕಂಪ್ಯೂಟರ್ ತಳಿ ಬೆರೆಸುವುದೇಕೆ?

2023ರ ನವೆಂಬರ್ ಮೊದಲ ವಾರ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಸರು ಇದ್ದಕ್ಕಿದ್ದಂತೆ ಎಲ್ಲ ಚಾನೆಲ್‌ಗಳಲ್ಲೂ ಓಡಾಡಿತು. ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಆಗಸ್ಟ್‌ನಲ್ಲಿ ಹಿಡಿದಿದ್ದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಪತ್ತೆಯಾಗಿತ್ತು. ಸುತ್ತಲಿನ 5 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗರ್ಭಿಣಿಯರ, ಜ್ವರ ಬಂದವರ ರಕ್ತ ತೆಗೆದು ಕಳಿಸಿದರು. ಅವೆಲ್ಲ ನೆಗೆಟಿವ್ ಬಂದವು. ಸೊಳ್ಳೆಗೆ ಪಾಸಿಟಿವ್, ಜನಕ್ಕೆ ನೆಗೆಟಿವ್ ಅಂದರೆ ಯಾವುದನ್ನು ನಂಬುವುದು? 2025ರ ಆರಂಭದಲ್ಲಿ ಇದೇ ಜಿಲ್ಲೆಯ ವರದಹಳ್ಳಿಯಲ್ಲಿ ಕೋಳಿಗಳು ಸತ್ತಾಗಲೂ ಅಷ್ಟೇ. ಹಕ್ಕಿಜ್ವರ ಹೌದೋ ಅಲ್ಲವೋ ಎಂದು ಭೋಪಾಲದ ಪ್ರಯೋಗಾಲಯ ಹೇಳುವ ತನಕ ಊರು ಕಾಯಬೇಕಾಯಿತು.

ಈ ಗೊಂದಲಕ್ಕೆ ಈಗ ಇನ್ನೊಂದು ಸೇರಿಕೊಂಡಿದೆ. ರೋಗ ಪತ್ತೆಯ ಡಿಎನ್ಎ ತುಣುಕುಗಳನ್ನು ಕಂಪ್ಯೂಟರ್ 'ವಿಕಾಸ'ದ ಮೂಲಕ ತಾನೇ ರೂಪಿಸುತ್ತದೆ ಎಂಬ ಮಾತು ವಿಜ್ಞಾನ ಸುದ್ದಿಗಳಲ್ಲಿ ಆಗಾಗ ಬರುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತ್ತು. ಹಾಗಾಗಿ ಡಿಎನ್ಎ, ವಿನ್ಯಾಸ ಎಂಬ ಪದಗಳು ಒಟ್ಟಿಗೆ ಕಂಡರೆ ಹೊಲಕ್ಕೋ ಮೈಗೋ ಏನೋ ಸೇರಿಸುತ್ತಾರೆ ಎಂಬ ಅನುಮಾನ ಸಹಜವಾಗಿಯೇ ಏಳುತ್ತದೆ. ಇವನ್ನು ಬಿಡಿಸಲು ಮೊದಲು ಆ ಪಾಸಿಟಿವ್ ಎಲ್ಲಿಂದ ಬಂತು ಎಂದು ನೋಡಬೇಕು.

ಪಾಸಿಟಿವ್ ಎಲ್ಲಿ ಹುಟ್ಟುತ್ತದೆ

ಸೊಳ್ಳೆಗಳನ್ನು ಒಂದೊಂದಾಗಿ ಪರೀಕ್ಷಿಸುವುದಿಲ್ಲ. ಒಂದು ಜಾಗದಲ್ಲಿ ಹಿಡಿದ ಹಲವು ಸೊಳ್ಳೆಗಳನ್ನು ಒಟ್ಟಿಗೆ ಅರೆದು ಆರ್‌ಎನ್ಎ ತೆಗೆಯುತ್ತಾರೆ. ಇದಕ್ಕೆ ಪೂಲ್ ಎನ್ನುತ್ತಾರೆ. ಪೂಲ್ ಪಾಸಿಟಿವ್ ಎಂದರೆ ಆ ಗುಂಪಿನಲ್ಲಿ ಕನಿಷ್ಠ ಒಂದು ಸೊಳ್ಳೆಯಲ್ಲಿ ವೈರಸ್ ಇತ್ತು ಎಂದಷ್ಟೇ ಅರ್ಥ. ಮನುಷ್ಯರ ರಕ್ತದಲ್ಲಾದರೆ ಝೀಕಾದ ಆರ್‌ಎನ್ಎ ಸಾಮಾನ್ಯವಾಗಿ ಒಂದು ವಾರದ ಆಸುಪಾಸು ಮಾತ್ರ ಸಿಗುತ್ತದೆ. ಸೋಂಕು ತಗುಲಿದ ಬಹುಪಾಲು ಜನಕ್ಕೆ ಜ್ವರವೂ ಬರುವುದಿಲ್ಲ. ಆಗಸ್ಟ್‌ನ ಸೊಳ್ಳೆ, ನವೆಂಬರಿನ ರಕ್ತ: ಎರಡೂ ಫಲಿತಾಂಶ ಒಟ್ಟಿಗೇ ನಿಜವಾಗಿರಬಹುದು.

ಆ ಪರೀಕ್ಷೆ ಆರ್‌ಟಿ-ಪಿಸಿಆರ್. ಕೋವಿಡ್ ಕಾಲದಲ್ಲಿ ಮನೆಮಾತಾದ ಪದ, ಒಳಗಿನ ಕೆಲಸ ಮಾತ್ರ ಹೆಚ್ಚಿನವರಿಗೆ ಗೊತ್ತಾಗಲೇ ಇಲ್ಲ. ಮೊದಲು ವೈರಸ್‌ನ ಆರ್‌ಎನ್ಎಯನ್ನು ಡಿಎನ್ಎಗೆ ಪ್ರತಿ ಮಾಡಿಕೊಳ್ಳುತ್ತಾರೆ. ಆ ಡಿಎನ್ಎಯ ಒಂದು ಸಣ್ಣ ಭಾಗವನ್ನು ಮತ್ತೆ ಮತ್ತೆ ದ್ವಿಗುಣಗೊಳಿಸುತ್ತಾರೆ. ಸುತ್ತಿಗೊಮ್ಮೆ ಎರಡರಷ್ಟಾದರೆ 30 ಸುತ್ತಿನಲ್ಲಿ ಒಂದು ಪ್ರತಿ 107 ಕೋಟಿ ಆಗುತ್ತದೆ. 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಹೊಳೆದ ಈ ಉಪಾಯಕ್ಕೆ 1993ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಯಾವ ಭಾಗ ದ್ವಿಗುಣವಾಗಬೇಕು ಎಂದು ಹೇಳುವುದು ಎರಡು ಚಿಕ್ಕ ಡಿಎನ್ಎ ತುಣುಕುಗಳು. ಅವೇ ಪ್ರೈಮರ್‌ಗಳು. ಒಂದೊಂದರಲ್ಲಿ ಸುಮಾರು 18ರಿಂದ 25 ಅಕ್ಷರ. ಅಕ್ಷರಗಳೋ ನಾಲ್ಕೇ: ಎ, ಟಿ, ಜಿ, ಸಿ. ಝೀಕಾದ ಜೀನೋಮ್ ಸುಮಾರು 10,800 ಅಕ್ಷರದ ಪಟ್ಟಿ. ಅದರಲ್ಲಿ ತನಗೆ ಹೊಂದುವ ಇಪ್ಪತ್ತು ಅಕ್ಷರದ ಜಾಗ ಸಿಕ್ಕರೆ ಪ್ರೈಮರ್ ಅಂಟಿಕೊಳ್ಳುತ್ತದೆ, ಕಿಣ್ವ ಅಲ್ಲಿಂದ ಬರೆಯಲು ತೊಡಗುತ್ತದೆ. ಸಿಗದಿದ್ದರೆ ಟ್ಯೂಬ್‌ನಲ್ಲಿ ಏನೂ ಆಗುವುದಿಲ್ಲ, ವರದಿಯಲ್ಲಿ ನೆಗೆಟಿವ್ ಎಂದು ಬರುತ್ತದೆ. ಝೀಕಾ ಮತ್ತು ಡೆಂಗಿ ಒಂದೇ ಕುಟುಂಬದವು, ಒಂದೇ ಈಡಿಸ್ ಸೊಳ್ಳೆಯಲ್ಲಿ ಸಾಗುವಂಥವು. ರಕ್ತದ ಪ್ರತಿಕಾಯ ನೋಡುವ ಪರೀಕ್ಷೆಗೆ ಇವೆರಡರ ನಡುವೆ ಗೊಂದಲವಾಗುವುದುಂಟು. ಬಿಡಿಸಿ ಹೇಳುವ ಹೊಣೆ ಹೀಗೆ ಈ ಇಪ್ಪತ್ತು ಅಕ್ಷರಗಳ ಮೇಲೆ ಬೀಳುತ್ತದೆ.

ಇಪ್ಪತ್ತು ಅಕ್ಷರ ಆರಿಸುವುದು ಯಾಕೆ ಕಷ್ಟ

ಬೇಡಿಕೆಗಳು ಒಂದಕ್ಕೊಂದು ಕಚ್ಚಾಡುತ್ತವೆ, ಅದೇ ಕಷ್ಟ. ಜೋಡಿಯ ಎರಡೂ ಪ್ರೈಮರ್ ಹೆಚ್ಚುಕಡಿಮೆ ಒಂದೇ ಉಷ್ಣಾಂಶದಲ್ಲಿ ಅಂಟಬೇಕು, ಬಿಡಬೇಕು. ಇದಕ್ಕೊಂದು ಹಳೆಯ ಬಾಯಿಲೆಕ್ಕವಿದೆ: ಎ, ಟಿ ಒಂದೊಂದಕ್ಕೆ 2 ಡಿಗ್ರಿ, ಜಿ, ಸಿ ಒಂದೊಂದಕ್ಕೆ 4 ಡಿಗ್ರಿ. ಇಪ್ಪತ್ತರಲ್ಲಿ ಹತ್ತು ಜಿ-ಸಿ ಇದ್ದರೆ 60 ಡಿಗ್ರಿ. ಉದ್ದ ಹೆಚ್ಚಿಸಿದರೆ ಗುರಿ ನಿಖರ, ಆದರೆ ಉಷ್ಣಾಂಶ ಏರುತ್ತದೆ. ಜಿ-ಸಿ ಹೆಚ್ಚಿಸಿದರೆ ಹಿಡಿತ ಗಟ್ಟಿ, ಆದರೆ ಬೇಡದ ಕಡೆಯೂ ಅಂಟುವ ಚಾಳಿ ಬೆಳೆಯುತ್ತದೆ. ಪ್ರೈಮರ್ ತನ್ನ ಮೇಲೆ ತಾನೇ ಮಡಚಿಕೊಳ್ಳಬಾರದು. ಜೋಡಿಗಳು ಪರಸ್ಪರ ಅಂಟಿಕೊಂಡು ಕೂರಬಾರದು. ಇದಕ್ಕೆ ಪ್ರೈಮರ್ ಡೈಮರ್ ಎನ್ನುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮ ಜಾಗವೆಂದರೆ ಕೊನೆಯ ತುದಿ. ಕಿಣ್ವ ಬರೆಯಲು ಶುರು ಮಾಡುವುದು ಅಲ್ಲಿಂದ. ಪ್ರೈಮರಿನ ತಲೆಯ ಕಡೆ ಒಂದಕ್ಷರ ಹೊಂದದಿದ್ದರೂ ಕೆಲಸ ಸಾಗೀತು. ಕೊನೆಯ ಅಕ್ಷರವೇ ಕೂರದಿದ್ದರೆ ಕಿಣ್ವ ತಡವರಿಸುತ್ತದೆ, ಎಷ್ಟೋ ಸಲ ಶುರುವೇ ಮಾಡುವುದಿಲ್ಲ. ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಅದರ ಒಂದೇ ಒಂದು ಅಕ್ಷರ ಸರಿಯಾಗಿ ಆ ಜಾಗದಲ್ಲಿ ಬದಲಾದರೆ, ನಿನ್ನೆಯವರೆಗೆ ಚೆನ್ನಾಗಿದ್ದ ಪರೀಕ್ಷೆ ಇವತ್ತು ಕುರುಡು. 2020ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಇಂಥದ್ದನ್ನೇ ಕಂಡರು. ಕೊರೊನಾದ ಆಲ್ಫಾ ರೂಪದಲ್ಲಿ ಆರು ಅಕ್ಷರ ಬಿಟ್ಟುಹೋಗಿದ್ದವು. ಮೂರು ಕಡೆ ನೋಡುತ್ತಿದ್ದ ಒಂದು ಕಿಟ್‌ನಲ್ಲಿ ಎಸ್ ಜೀನ್‌ನ ಗುರಿ ಮೌನವಾಯಿತು. ಉಳಿದೆರಡು ಮಾತಾಡುತ್ತಿದ್ದವು, ಹಾಗಾಗಿ ರೋಗಿಗಳು ಕೈತಪ್ಪಲಿಲ್ಲ. ಎಸ್‌ನ ಮೌನವೇ ಆಲ್ಫಾ ಬಂದಿದೆ ಎನ್ನುವ ಸುಳಿವೂ ಆಯಿತು. ಒಂದೇ ಗುರಿಯ ಪರೀಕ್ಷೆಯಾಗಿದ್ದರೆ ಈ ಅದೃಷ್ಟ ಇರುತ್ತಿರಲಿಲ್ಲ.

ಶಿಡ್ಲಘಟ್ಟಕ್ಕೆ ಗೊತ್ತಿರುವ ವಿದ್ಯೆ

ಕಚ್ಚಾಡುವ ಬೇಡಿಕೆಗಳನ್ನು ಸಂಭಾಳಿಸುವುದು ರೇಷ್ಮೆ ಸೀಮೆಗೆ ಹೊಸತಲ್ಲ. ಮೈಸೂರು ತಳಿಯ ಹುಳು ಗಟ್ಟಿಮುಟ್ಟು, ಬಿಸಿಲು ತಡೆಯುತ್ತದೆ, ಆದರೆ ಅದರ ಗೂಡಿನಲ್ಲಿ ನೂಲು ಕಡಿಮೆ. ಸಿಎಸ್‌ಆರ್-2ರಂಥ ದ್ವಿತಳಿಗೆ ನೂಲು ಉದ್ದ, ಮೈ ಮಾತ್ರ ನಾಜೂಕು. ಎರಡನ್ನೂ ಬೆರೆಸಿದ ಸಿಬಿ ಹುಳುವಿಗೆ 'ಕೋಲಾರ್ ಗೋಲ್ಡ್' ಎಂಬ ಹೆಸರೇ ಇದೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗೆ ನೂಲು ಬೇಕು, ರೈತನಿಗೆ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿ ಗೂಡು ಕಟ್ಟಲು ಚಂದ್ರಿಕೆ ಏರುವ ಹುಳು ಬೇಕು. ಇಬ್ಬರಿಗೂ ಪೂರ್ತಿ ಸಿಗದಿದ್ದರೂ ಇಬ್ಬರೂ ಒಪ್ಪುವಂಥದ್ದು ಬೆರಕೆಯಿಂದ ಸಿಗುತ್ತದೆ.

ವಿಕಾಸ ಗಣನೆ ಇದನ್ನೇ ಕಂಪ್ಯೂಟರಿನೊಳಗೆ ಮಾಡುತ್ತದೆ. ಅಮೆರಿಕದ ಜಾನ್ ಹಾಲೆಂಡ್ 1975ರ ತಮ್ಮ ಪುಸ್ತಕದಲ್ಲಿ ಇದರ ಒಂದು ಬಗೆಯಾದ ಜೆನೆಟಿಕ್ ಆಲ್ಗರಿದಂಗೆ, ಅಂದರೆ ತಳಿ ಬೆರೆಸುವ ಲೆಕ್ಕವಿಧಾನಕ್ಕೆ, ಗಟ್ಟಿ ತಳಹದಿ ಹಾಕಿದರು. ಅದನ್ನು ಪ್ರೈಮರ್ ಹುಡುಕಲು ಹಚ್ಚಿದ ತೈವಾನಿನ ಸಂಶೋಧಕರ ವಿಧಾನ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಪ್ರೈಮರ್ ಜೋಡಿ ಎಂದರೆ ನಾಲ್ಕು ಸಂಖ್ಯೆ ಅಷ್ಟೇ: ಮೊದಲ ಪ್ರೈಮರ್ ಜೀನೋಮ್‌ನಲ್ಲಿ ಶುರುವಾಗುವ ಜಾಗ, ಅದರ ಉದ್ದ, ದ್ವಿಗುಣವಾಗಬೇಕಾದ ತುಂಡಿನ ಉದ್ದ, ಎರಡನೇ ಪ್ರೈಮರಿನ ಉದ್ದ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ತಾಯಿ ಜೋಡಿ: 3410, 18, 96, 20. ತಂದೆ ಜೋಡಿ: 7925, 22, 140, 21. ತಾಯಿ ಕೂತಿರುವ ಜಾಗ ಒಳ್ಳೆಯದು, ವೈರಸ್ ಅಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಮೊದಲ ಪ್ರೈಮರ್ ಗಿಡ್ಡ; ಹತ್ತು ಎ-ಟಿ, ಎಂಟು ಜಿ-ಸಿ, ಬಾಯಿಲೆಕ್ಕದಲ್ಲಿ 52 ಡಿಗ್ರಿ. ಅದರ ಜೊತೆಗಾರನದು 60. ಎಂಟು ಡಿಗ್ರಿ ಅಂತರವಿದ್ದರೆ ಸಂಸಾರ ನಡೆಯುವುದಿಲ್ಲ. ಬೆರಕೆಯಲ್ಲಿ ಮಗುವಿಗೆ ತಾಯಿಯ ಜಾಗ, ತಂದೆಯ ಉದ್ದ ಬಂತು: 3410, 22, 96, 20. ಹೊಸದಾಗಿ ಸೇರಿದ ನಾಲ್ಕು ಅಕ್ಷರ ಜಿ, ಎ, ಸಿ, ಟಿ ಎಂದಿಟ್ಟುಕೊಂಡರೆ ಉಷ್ಣಾಂಶ 64ಕ್ಕೆ ಏರಿತು. ಈಗ ಸ್ವಲ್ಪ ಜಾಸ್ತಿ. ಮುಂದಿನ ಪೀಳಿಗೆಯಲ್ಲಿ ಒಂದು ಯಾದೃಚ್ಛಿಕ ಬದಲಾವಣೆ 22 ಅನ್ನು 21 ಮಾಡಿತು. ಕೊನೆಯ ಟಿ ಬಿದ್ದುಹೋಯಿತು, 62 ಡಿಗ್ರಿ ಉಳಿಯಿತು, ತುದಿಯಲ್ಲಿ ಗಟ್ಟಿ ಹಿಡಿತದ ಸಿ ಬಂದು ಕೂತಿತು. ಹೀಗೇ ಮಾಡೆಂದು ಯಾರೂ ಹೇಳಲಿಲ್ಲ. ಬೇಡಿಕೆಗಳಿಗೆ ಎಷ್ಟು ಹೊಂದುತ್ತದೆ ಎಂದು ನೋಡಿ ಪ್ರತಿ ಜೋಡಿಗೂ ಅಂಕ ಕೊಡುತ್ತಾರೆ; ಅಂಕ ಹೆಚ್ಚಿದ್ದದ್ದು ಉಳಿಯಿತು, ಕಡಿಮೆಯದು ಅಳಿಯಿತು. ನೂರಾರು ಜೋಡಿಗಳ ಮೇಲೆ, ನೂರಾರು ಪೀಳಿಗೆ ಇದೇ ನಡೆಯುತ್ತದೆ.

ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ಸಿಬಿ ಗೂಡಿನ ಚಿಟ್ಟೆಯನ್ನು ಯಾರೂ ಮತ್ತೆ ಬಿತ್ತನೆಗೆ ಇಡುವುದಿಲ್ಲ. ಕಂಪ್ಯೂಟರಿನಲ್ಲಿ ಬೆರಕೆಯ ಮಕ್ಕಳೇ ಮುಂದಿನ ಬಿತ್ತನೆ.

ಎಲ್ಲ ಗುಣಗಳನ್ನೂ ಕೂಡಿ ಒಂದೇ ಅಂಕ ಕೊಟ್ಟರೆ, ಯಾವ ಗುಣಕ್ಕೆ ಎಷ್ಟು ತೂಕ ಎಂಬ ಜಗಳ ಉಳಿಯುತ್ತದೆ. ಅದಕ್ಕೆ ಪರಿಹಾರ ಹುಡುಕಿದವರಲ್ಲಿ ಕಲ್ಯಾಣ್ಮಯ್ ದೇಬ್ ಪ್ರಮುಖರು. ಐಐಟಿ ಕಾನ್ಪುರದಲ್ಲಿದ್ದಾಗ ಅವರು ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2 ಎಂಬ ವಿಧಾನ ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ಒಂದೇ ಉತ್ತರವನ್ನು ಮುಂದೆ ಹಿಡಿಯುವುದಿಲ್ಲ. ಒಂದನ್ನು ಕೆಡಿಸದೆ ಇನ್ನೊಂದನ್ನು ಸುಧಾರಿಸಲಾಗದ ಉತ್ತರಗಳ ಸಾಲನ್ನೇ ಕೊಡುತ್ತದೆ. ರೀಲರ್‌ಗೆ ಹಿಡಿಸುವುದು ಒಂದು ತುದಿಯಲ್ಲಿ, ರೈತನಿಗೆ ಹಿಡಿಸುವುದು ಇನ್ನೊಂದು ತುದಿಯಲ್ಲಿ. ಆರಿಸುವುದು ಮನುಷ್ಯರ ಕೆಲಸ.

ಒಂದು ಜೋಡಿಗೆ ಇಷ್ಟು ರಗಳೆ ಬೇಕೆ?

ಬೇಡ. ಉತ್ಸಾಹದ ವರದಿಗಳಲ್ಲಿ ಈ ಮಾತು ಕಾಣುವುದು ಅಪರೂಪ, ಆದ್ದರಿಂದ ಲೆಕ್ಕ ಹಾಕಿಯೇ ನೋಡಬೇಕು. 10,800 ಅಕ್ಷರದ ಜೀನೋಮ್‌ನಲ್ಲಿ ಯಾವ ಅಕ್ಷರದಿಂದಲಾದರೂ ಪ್ರೈಮರ್ ಶುರುವಾಗಬಹುದು. ಉದ್ದ 18ರಿಂದ 25ರವರೆಗೆ ಎಂಟು ಬಗೆ. ಅಲ್ಲಿಗೆ ಸುಮಾರು 86,000 ಅಭ್ಯರ್ಥಿಗಳು. ದ್ವಿಗುಣವಾಗುವ ತುಂಡು 70ರಿಂದ 150 ಅಕ್ಷರದೊಳಗೆ ಇರಬೇಕೆಂದರೆ ಪ್ರತಿಯೊಂದಕ್ಕೂ ಸುಮಾರು 640 ಜೊತೆಗಾರರು. ಒಟ್ಟು ಸುಮಾರು 5.5 ಕೋಟಿ ಜೋಡಿ. ಮನುಷ್ಯನಿಗೆ ಇದು ಜನ್ಮಕ್ಕಾಗುವಷ್ಟು. ಲ್ಯಾಪ್‌ಟಾಪ್ ಒಂದೊಂದನ್ನೂ ಬಿಡದೆ ನೋಡಿ ಮುಗಿಸೀತು. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಚಾಲ್ತಿಯಲ್ಲಿರುವ ಪ್ರೈಮರ್3 ಎಂಬ ಉಚಿತ ತಂತ್ರಾಂಶ ಯಾವ ವಿಕಾಸವೂ ಇಲ್ಲದೆ, ನಿಯಮದ ಜರಡಿ ಹಿಡಿದು ಇದೇ ಕೆಲಸ ಮಾಡುತ್ತಿದೆ. ಒಂದು ವೈರಸ್, ಒಂದು ಜೋಡಿ ಎಂದರೆ ಅದೇ ಸಾಕು.

ಲೆಕ್ಕ ತಲೆಕೆಳಗಾಗುವುದು ಒಂದೇ ಟ್ಯೂಬ್‌ನಲ್ಲಿ ಹಲವು ವೈರಸ್ ಹಿಡಿಯಬೇಕೆಂದಾಗ. ಮಳೆಗಾಲದಲ್ಲಿ ಜ್ವರ ಬಂದವರಿಗೆ ಡೆಂಗಿಯ ನಾಲ್ಕು ಬಗೆ, ಚಿಕುನ್‌ಗುನ್ಯಾ, ಝೀಕಾ ಎಲ್ಲವನ್ನೂ ಒಮ್ಮೆಗೇ ನೋಡಬೇಕು ಅನ್ನಿ. ಆರು ಗುರಿ, ಆರು ಜೋಡಿ. ಪ್ರತಿ ಗುರಿಗೂ ಜರಡಿ ಹಿಡಿದು 100 ಒಳ್ಳೆಯ ಜೋಡಿ ಉಳಿಸಿಕೊಂಡರೂ, ಆರನ್ನು ಕೂಡಿಸುವ ಬಗೆಗಳು 1 ಲಕ್ಷ ಕೋಟಿ. ಒಂದೊಂದು ಕೂಟದಲ್ಲೂ 12 ಪ್ರೈಮರ್‌ಗಳು. ಯಾವುದು ಯಾವುದಕ್ಕೆ ಅಂಟಿಕೊಳ್ಳುತ್ತದೆ, ಯಾವುದು ತನಗೆ ತಾನೇ ಅಂಟುತ್ತದೆ ಎಂದು 78 ಬಾರಿ ನೋಡಬೇಕು. ಹೊಳಪು ಕೊಡುವ ಪ್ರೋಬ್‌ಗಳು ಆರು ಸೇರಿದರೆ 171 ಬಾರಿ. ಒಂದು ಪ್ರೈಮರ್ ಬದಲಿಸಿದರೆ ಇನ್ನೆಲ್ಲೋ ಹೊಸ ಜಗಳ ಹುಟ್ಟುತ್ತದೆ. ಒಬ್ಬೊಬ್ಬರಾಗಿ ಎಲ್ಲರೂ ಒಳ್ಳೆಯವರೇ, ಒಂದೇ ಮನೆಯಲ್ಲಿ ಕೂಡಿ ಬಾಳಿಸುವುದೇ ಕಷ್ಟ ಎನ್ನುತ್ತೇವಲ್ಲ, ಆ ಬಗೆಯ ಸಮಸ್ಯೆ.

ಇದು ಕಾಗದದ ಮೇಲಿನ ಭಯವಲ್ಲ. 2020ರಲ್ಲಿ ಕೊರೊನಾ ಜೀನೋಮ್ ಓದಲು ಜಗತ್ತಿನ ಅನೇಕ ಪ್ರಯೋಗಾಲಯಗಳು ಆರ್ಟಿಕ್ ಎಂಬ ಪ್ರೈಮರ್ ಸಮೂಹ ಬಳಸಿದವು. ಅದರಲ್ಲಿ 98 ತುಂಡುಗಳು, ಎರಡು ಟ್ಯೂಬ್. ಮಾದರಿಯಲ್ಲಿ ವೈರಸ್ ಕಡಿಮೆಯಿದ್ದಾಗ ಎರಡು ತುಂಡು, 18 ಮತ್ತು 76, ಪದೇಪದೇ ಕೈಕೊಡುತ್ತಿದ್ದವು. ಜಪಾನಿನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಸಂಸ್ಥೆಯವರು ಬೆನ್ನುಹತ್ತಿ ನೋಡಿದರೆ, 18ರ ಒಂದು ಪ್ರೈಮರಿನ ತುದಿಯ 10 ಅಕ್ಷರಗಳು 76ರ ಒಂದು ಪ್ರೈಮರಿನ ತುದಿಗೆ ಸರಿಯಾಗಿ ಹೊಂದುತ್ತಿದ್ದವು. ವೈರಸ್ ಹಿಡಿಯುವ ಬದಲು ಅವು ಒಂದನ್ನೊಂದು ಹಿಡಿದು ಕೂತಿದ್ದವು. ಒಂದೇ ಪ್ರೈಮರ್ ಬದಲಿಸಿದ ಮೇಲೆ ಎರಡೂ ತುಂಡು ಸರಿಹೋದವು. ನುರಿತವರ ಕಣ್ಣಿಗೂ ತಪ್ಪಿಸಿಕೊಂಡದ್ದು ಇದು.

2022ರಲ್ಲಿ ಪ್ರಕಟವಾದ ಸ್ಯಾಡಲ್ ಎಂಬ ವಿಧಾನ 192 ಪ್ರೈಮರ್‌ಗಳನ್ನು ಒಂದೇ ಟ್ಯೂಬ್‌ನಲ್ಲಿ ಕೂಡಿಸಿತು. ಸುಮ್ಮನೆ ಜೋಡಿಸಿದ ಸಮೂಹದಲ್ಲಿ ಡೈಮರ್ ಪಾಲು 90.7% ಇದ್ದದ್ದು, ಹುಡುಕಿ ಆರಿಸಿದ ಸಮೂಹದಲ್ಲಿ 4.9%ಗೆ ಇಳಿಯಿತು. ಕಟ್ಟುನಿಟ್ಟಾಗಿ ಹೇಳಿದರೆ ಅದು ವಿಕಾಸ ವಿಧಾನವಲ್ಲ. ಕಾಯಿಸಿದ ಲೋಹ ನಿಧಾನ ತಣಿಯುವುದನ್ನು ಅನುಕರಿಸುವ ಹುಡುಕಾಟ ಅದು, ವಿಕಾಸದ ದಾಯಾದಿ. ಯಾದೃಚ್ಛಿಕವಾಗಿ ಬದಲಿಸು, ಅಂಕ ನೋಡು, ಮುಂದೆ ಹೋಗು ಎಂಬ ಮೂಲ ಬುದ್ಧಿ ಎರಡಕ್ಕೂ ಒಂದೇ.

ಒಪ್ಪದವರ ಮಾತಿನಲ್ಲೂ ತಿರುಳಿದೆ

ಲ್ಯಾಬ್ ಬೆಂಚಿನ ಮುಂದೆ ಕೂರುವವರ ಆಕ್ಷೇಪ ನೇರವಾದದ್ದು: ಆಲ್ಗರಿದಂ ಗೆಲ್ಲುವುದು ತನಗೆ ಹಾಕಿಕೊಟ್ಟ ಅಂಕಪಟ್ಟಿಯಲ್ಲಿ, ಟ್ಯೂಬ್‌ನಲ್ಲಿ ಅಲ್ಲ. ಅಂಕಪಟ್ಟಿಯಲ್ಲಿ ಬರೆಯದ್ದು ಅದಕ್ಕೆ ಗೊತ್ತೇ ಇರುವುದಿಲ್ಲ. ಮೇಲೆ ಬಳಸಿದ 2 ಡಿಗ್ರಿ-4 ಡಿಗ್ರಿ ಬಾಯಿಲೆಕ್ಕವನ್ನೇ ನಂಬಿ ವಿಕಾಸ ನಡೆಸಿದರೆ, ಆ ಲೆಕ್ಕದ ತಪ್ಪುಗಳನ್ನೇ ಹುಡುಕಿ ಹುಡುಕಿ ಪೋಷಿಸಿದಂತಾಗುತ್ತದೆ. ಅಕ್ಕಪಕ್ಕದ ಅಕ್ಷರಗಳ ಪ್ರಭಾವವನ್ನು, ಉಪ್ಪಿನಂಶವನ್ನು ಗಣಿಸುವ ನಿಖರ ಸೂತ್ರ ಬಳಸಬೇಕು. ಬಳಸಿದರೂ ನಿಜವಾದ ಮಾದರಿಯಲ್ಲಿ ಸೊಳ್ಳೆಯ ಡಿಎನ್ಎ ಇರುತ್ತದೆ, ಅದು ಹೀರಿದ ರಕ್ತ ಇರುತ್ತದೆ, ಕಿಣ್ವಕ್ಕೆ ಅಡ್ಡಿ ಮಾಡುವ ಏನೇನೋ ಇರುತ್ತದೆ.

ಎರಡನೆಯ ಆಕ್ಷೇಪ ಆಡಳಿತದ್ದು. ಜೆನೆಟಿಕ್ ಆಲ್ಗರಿದಂ ಎರಡು ಸಲ ಓಡಿಸಿದರೆ ಎರಡು ಉತ್ತರ ಕೊಡಬಹುದು, ಏಕೆಂದರೆ ಅದರ ಹೊಟ್ಟೆಯಲ್ಲಿ ದಾಳದ ಆಟವಿದೆ. ಸರ್ಕಾರಿ ಪರೀಕ್ಷಾ ವ್ಯವಸ್ಥೆಗೆ ಬೇಕಾಗಿರುವುದು ಚಿಕ್ಕಬಳ್ಳಾಪುರದ ಫಲಿತಾಂಶವನ್ನು ರಾಯಚೂರಿನದಕ್ಕೆ ಹೋಲಿಸಬಲ್ಲ ಒಂದೇ ಅಳತೆಗೋಲು. ರಾಜ್ಯದ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರ್‌ನಲ್ಲಿ ರಾಯಚೂರಿನ ಐದು ವರ್ಷದ ಮಗುವಿನಲ್ಲಿ ದೃಢಪಟ್ಟಿತ್ತು. ಊರಿಗೊಂದು, ವರ್ಷಕ್ಕೊಂದು ಪ್ರೈಮರ್ ಮಾಡುತ್ತ ಹೋದರೆ ರೋಗ ಏರಿತೋ ಪರೀಕ್ಷೆ ಬದಲಾಯಿತೋ ಹೇಳಲಾಗದು. ಈ ವಾದವನ್ನು ಆಲಸ್ಯವೆಂದು ತಳ್ಳಿಹಾಕುವಂತಿಲ್ಲ. ಆದರೆ ಬದಲಾಯಿಸುವುದೇ ಇಲ್ಲವೆಂದು ಕೂತರೆ ಆಲ್ಫಾ ಕಾಲದ ಮೌನ ಇಲ್ಲೂ ಬರುತ್ತದೆ. ಅಳತೆಗೋಲು ಒಂದೇ ಇರಲಿ, ಅದು ಇನ್ನೂ ಹೊಂದುತ್ತಿದೆಯೇ ಎಂದು ಹೊಸ ಜೀನೋಮ್‌ಗಳ ಎದುರು ಆಗಾಗ ಹಿಡಿದು ನೋಡಲಿ ಎಂಬುದು ನಡುವಿನ ದಾರಿ. ಅಲ್ಲಿ ಕಂಪ್ಯೂಟರ್ ಉಪಯೋಗಕ್ಕೆ ಬರುತ್ತದೆ.

ಇನ್ನು ಯಂತ್ರದ ಮಿತಿ. ಸಾಮಾನ್ಯ ಪಿಸಿಆರ್ ಯಂತ್ರಗಳು ನಾಲ್ಕಾರು ಬಣ್ಣಗಳನ್ನಷ್ಟೇ ಬೇರ್ಪಡಿಸಿ ನೋಡಬಲ್ಲವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ತಂದ ಟ್ರಯೊಪ್ಲೆಕ್ಸ್ ಪರೀಕ್ಷೆಯೂ ಡೆಂಗಿ, ಚಿಕುನ್‌ಗುನ್ಯಾ, ಝೀಕಾ ಎಂಬ ಮೂರು ಗುರಿಗೆ ನಿಂತಿತು.

ಡಿಎನ್ಎ ಎಂದ ಮಾತ್ರಕ್ಕೆ ಕುಲಾಂತರಿಯಲ್ಲ

ಪ್ರೈಮರ್ ಟ್ಯೂಬ್‌ನಿಂದ ಆಚೆ ಬರುವುದಿಲ್ಲ. ಅದನ್ನು ಯಾರಿಗೂ ಚುಚ್ಚುವುದಿಲ್ಲ, ಗಿಡಕ್ಕೋ ಹುಳುವಿಗೋ ಸೇರಿಸುವುದಿಲ್ಲ. ಇಪ್ಪತ್ತು ಅಕ್ಷರದಲ್ಲಿ ಒಂದು ಪ್ರೋಟೀನ್ ಮಾಡುವಷ್ಟು ಮಾಹಿತಿಯೂ ಇಲ್ಲ. 'ವಿಕಾಸ' ಆಗುವುದು ಕಂಪ್ಯೂಟರಿನ ನಾಲ್ಕು ಸಂಖ್ಯೆಗಳಲ್ಲಿ, ಜೀವಿಯಲ್ಲಿ ಅಲ್ಲ. ಭತ್ತದ ಜೀನೋಮ್ ತಿದ್ದುವುದರ ಚರ್ಚೆ ಬೇರೆಯದೇ, ಅದರ ಪರ-ವಿರೋಧವನ್ನು ಇಲ್ಲಿಗೆ ಎಳೆದು ತರುವುದರಲ್ಲಿ ಅರ್ಥವಿಲ್ಲ.

ಜಿಲ್ಲೆಯ ಪಾಲಿಗೆ ಇದರ ಪರಿಣಾಮ

ವಿಕಾಸ ವಿಧಾನ ಎಷ್ಟೇ ಜಾಣವಾದರೂ ಅದು ತಳಿ ಬೆರೆಸುವುದು ತನ್ನ ಮುಂದಿಟ್ಟ ಜೀನೋಮ್‌ಗಳ ಮೇಲೆ. ಮುಂದಿಟ್ಟದ್ದೆಲ್ಲ ಬ್ರೆಜಿಲಿನದೋ ಪೆಸಿಫಿಕ್ ದ್ವೀಪಗಳದೋ ಆದರೆ, ಸಿಗುವ ಪ್ರೈಮರ್ ಆ ಊರುಗಳಿಗೆ ಸೊಗಸಾಗಿ ಹೊಂದುತ್ತದೆ. ತಲಕಾಯಲಬೆಟ್ಟದ ವೈರಸ್ ಕೊನೆಯ ತುದಿಯಲ್ಲಿ ಒಂದಕ್ಷರ ಬೇರೆ ಇಟ್ಟುಕೊಂಡಿದ್ದರೆ ಆಲ್ಗರಿದಂಗೆ ಅದು ತಿಳಿಯುವ ದಾರಿಯಿಲ್ಲ. ಆದ್ದರಿಂದ ಕೊರತೆ ಇರುವುದು ಜಾಣ ಆಲ್ಗರಿದಂಗಳದ್ದಲ್ಲ, ಅವು ಧಾರಾಳವಾಗಿವೆ; ಊರಿನ ಜೀನೋಮ್‌ಗಳದ್ದು. ಸೊಳ್ಳೆ ಪೂಲ್ ಪಾಸಿಟಿವ್ ಬಂದಾಗ ವರದಿ ಬರೆದು ಫೈಲ್ ಮುಚ್ಚಿದರೆ, ಫಾಗಿಂಗ್ ಮಾಡಿ ಸುಮ್ಮನಾದರೆ, ಇರುವ ಒಂದೇ ಅವಕಾಶ ಕೈಬಿಟ್ಟಂತೆ. ಮಿಕ್ಕ ಆರ್‌ಎನ್ಎಯ ಅಕ್ಷರಗಳನ್ನು ಪೂರ್ತಿ ಓದಿ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಬೇಕು.

ಇದೇ ಮಾತು ಹುಳದ ಮನೆಗೂ ಸಲ್ಲುತ್ತದೆ. ರೇಷ್ಮೆಯ ಗಂಟುರೋಗಕ್ಕೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ 1860ರ ದಶಕದ ಪಾಶ್ಚರ್ ಕಾಲದ್ದು. ಸೋಂಕು ತೀರ ಕಡಿಮೆ ಇದ್ದಾಗ ಕಣ್ಣಿಗೆ ಬೀಳದ್ದನ್ನು ಪಿಸಿಆರ್ ಹಿಡಿಯಬಲ್ಲದು. ಹಾಲುತೊಂಡೆ, ಗಂಟುರೋಗ ಎರಡನ್ನೂ ಒಂದೇ ಟ್ಯೂಬ್‌ನಲ್ಲಿ ನೋಡುವಂತಾದರೆ ಮೊಟ್ಟೆ ತಯಾರಿಸುವ ಕೇಂದ್ರಗಳಿಗೆ ಅನುಕೂಲ. ಅಲ್ಲೂ ಪ್ರೈಮರ್‌ಗಳನ್ನು ಒಂದೇ ಮನೆಯಲ್ಲಿ ಬಾಳಿಸುವ ಪ್ರಶ್ನೆ ಎದುರಾಗುತ್ತದೆ.

ಖರ್ಚಿನ ಲೆಕ್ಕವೂ ಅಂದುಕೊಂಡಂತಿಲ್ಲ. ಹೊಸ ಸಮೂಹ ಹುಡುಕಲು ಕಂಪ್ಯೂಟರ್ ಒಂದು ರಾತ್ರಿ ಓಡಿದರೆ ಸಾಕು. ಇಪ್ಪತ್ತು ಅಕ್ಷರದ ಒಂದು ಪ್ರೈಮರ್‌ಗೆ ಕೆಲವು ನೂರು ರೂಪಾಯಿ, ಕೊರಿಯರ್‌ನಲ್ಲಿ ನಾಲ್ಕೈದು ದಿನದಲ್ಲಿ ಬೆರಳುದ್ದದ ಟ್ಯೂಬ್ ಬಂದು ಬೀಳುತ್ತದೆ. ತಿಂಗಳುಗಟ್ಟಲೆ ಹಿಡಿಯುವುದು ಆಮೇಲಿನ ಕೆಲಸ. ವೈರಸ್ ಇದೆಯೆಂದು ಖಚಿತವಿರುವ ಮಾದರಿಯಲ್ಲಿ ಎಷ್ಟು ಪ್ರತಿಗಳವರೆಗೆ ಹಿಡಿಯುತ್ತದೆ, ಡೆಂಗಿಯ ರಕ್ತ ಕೊಟ್ಟರೆ ಝೀಕಾ ಎಂದು ಕೂಗುತ್ತದೆಯೇ, ಬೇರೆ ಲ್ಯಾಬಿನ ಬೇರೆ ಕೈಗಳಲ್ಲೂ ಅದೇ ಉತ್ತರ ಬರುತ್ತದೆಯೇ ಎಂದು ಒಂದೊಂದಾಗಿ ನೋಡಬೇಕು. ಅದಕ್ಕೂ ಮೊದಲು ಇನ್ನೊಂದು ಇದೆ: ಹನ್ನೆರಡೂ ಪ್ರೈಮರ್‌ಗಳನ್ನು ವೈರಸ್ಸೇ ಇಲ್ಲದ ಶುದ್ಧ ನೀರಿಗೆ ಹಾಕಿ 40 ಸುತ್ತು ಓಡಿಸುವುದು. ಯಂತ್ರದ ಪರದೆಯ ಮೇಲೆ ಒಂದು ಗೆರೆಯೂ ಮೇಲೇಳಬಾರದು. ಎದ್ದರೆ ಆ ಸಮೂಹ ಮರಳಿ ಕಂಪ್ಯೂಟರಿಗೆ.